ಆಯಿಲ್ ಬಾವಿಯ ರಾಡ್ ಪಂಪ್‌ಗೆ (ನೆಲದ ಮೇಲಿನ ಯಂತ್ರ ಉದ್ದ ರಾಡುಗಳಿಂದ ಮೇಲೆ-ಕೆಳಗೆ ಆಡಿಸುವ ಪಂಪ್) ಕೌಂಟರ್‌ವೇಯ್ಟ್, ಅಂದರೆ ಎದುರು ತೂಕ, ಲೆಕ್ಕ ಹಾಕಲು ಪಂಪ್ ಎಷ್ಟು ಆಳದಲ್ಲಿದೆ ಅಂತ ಗೊತ್ತಿದ್ದರೆ ಸಾಕೆ? ಯಾವ ಸೂತ್ರ ಹೆಚ್ಚು ನಿಖರ?

ಆಳ ಗೊತ್ತಿದ್ದರೆ ಸಾಲದು. ನಾನೂ ವೈಟ್‌ಫೀಲ್ಡ್‌ನ ಆಫೀಸಿನಲ್ಲಿ ಕೂತೇ ಗುಜರಾತಿನ ಮೆಹಸಾಣ ಕಡೆಯ ಬಾವಿಗೆ ಎಕ್ಸೆಲ್‌ನಲ್ಲಿ ಈ ಲೆಕ್ಕ ಹಾಕಿದವನು. ಪಂಪ್ ಆಳವನ್ನೇ ನಂಬಿ ಎಡವಿದೆ.

ಸೂತ್ರ ನಮ್ಮ ಏತದ ಹಿಂಬದಿಗೆ ಕಲ್ಲು ಕಟ್ಟುವ ತತ್ವವೇ. ಸಾಮಾನ್ಯ (ಕನ್ವೆನ್ಷನಲ್) ಯೂನಿಟ್‌ಗೆ, ದ್ರವದಲ್ಲಿ ಮುಳುಗಿದ ರಾಡುಗಳ ತೂಕಕ್ಕೆ ಎತ್ತುವ ದ್ರವದ ಅರ್ಧ ಭಾರ ಕೂಡಿಸಿ, 1.06ರಿಂದ ಗುಣಿಸಬೇಕು. ಮುಕ್ಕಾಲು ಇಂಚಿನ ಸ್ಟೀಲ್ ರಾಡು ಅಡಿಗೆ 1.634 ಪೌಂಡ್, 5,000 ಅಡಿಗೆ 8,170. ದ್ರವದ ಸಾಪೇಕ್ಷ ಸಾಂದ್ರತೆ 0.9 ಇದ್ದರೆ 1 − 0.128 × 0.9ರಿಂದ ಗುಣಿಸಿ, 7,229 ಉಳಿಯುತ್ತದೆ. ದ್ರವದ ಭಾರ ಅಂದರೆ 0.34 × 0.9 × ಪ್ಲಂಜರ್ (ಪಂಪಿನೊಳಗಿನ ಪಿಸ್ಟನ್) ವ್ಯಾಸದ (ಇಂಚಿನಲ್ಲಿ) ವರ್ಗ × ಎತ್ತುವ ಅಡಿ.

ಈ ‘ಎತ್ತುವ ಅಡಿ’ಯ ಕಾಲಂನಲ್ಲಿ ನಾನು 5,000 ತುಂಬಿದ್ದೆ. ಅಲ್ಲಿ ಬರಬೇಕಾದ್ದು ಪಂಪ್ ಓಡುತ್ತಿರುವಾಗ ಕೇಸಿಂಗ್‌ನಲ್ಲಿ (ಬಾವಿಯ ಹೊರಗಿನ ಕೊಳವೆಯಲ್ಲಿ) ದ್ರವ ನಿಲ್ಲುವ ಮಟ್ಟ ನೆಲದಿಂದ ಎಷ್ಟು ಕೆಳಗಿದೆ ಅನ್ನುವುದು. ಹೊರಗೆ ನಿಂತ ಆ ದ್ರವ ಪ್ಲಂಜರನ್ನು ಕೆಳಗಿನಿಂದ ಒತ್ತುತ್ತದೆ, ಅಷ್ಟು ಭಾರ ರಾಡಿನ ಮೇಲೆ ಬೀಳುವುದೇ ಇಲ್ಲ. ಒಂದೂವರೆ ಇಂಚಿನ ಪ್ಲಂಜರ್‌ಗೆ 5,000 ಅಡಿ ಹಾಕಿದರೆ 3,442 ಪೌಂಡ್, ಮಟ್ಟ 2,000 ಅಡಿಯಲ್ಲಿದ್ದರೆ 1,377. ಕೊನೆಯ ಉತ್ತರ 8,392 ಬರಬೇಕಾದಲ್ಲಿ 9,487. ಹೆಚ್ಚಾದ 1,095 ಪೌಂಡನ್ನು 74 ಇಂಚಿನ ಸ್ಟ್ರೋಕ್‌ನ (ರಾಡು ಒಮ್ಮೆ ಸಾಗುವ ದೂರದ) ಅರ್ಧ, 37ರಿಂದ ಗುಣಿಸಿ. ಡೌನ್‌ಸ್ಟ್ರೋಕ್‌ನಲ್ಲಿ ಆ ತೂಕಗಳನ್ನು ಮೇಲೆತ್ತಲು ಸುಮಾರು 40,500 ಇಂಚು-ಪೌಂಡ್ ಹೆಚ್ಚುವರಿ ಟಾರ್ಕ್ (ತಿರುಗಿಸುವ ಬಲ), 1,60,000 ಇಂಚು-ಪೌಂಡ್ ತಾಳುವ ಗೇರ್‌ಬಾಕ್ಸ್‌ಗೆ ಅದು ಕಾಲುಭಾಗ! ಗೇರ್ ಆಯಿಲ್ ಬೆರಳಿಗೆ ಹಚ್ಚಿ ನೋಡಿದರೆ ಸವೆದ ಹಲ್ಲುಗಳ ಲೋಹ ಬೆಳ್ಳಿಪುಡಿಯಂತೆ ಮಿನುಗುತ್ತಿತ್ತು.

ಹಾಗಾಗಿ ಮೊದಲು ಫ್ಲೂಯಿಡ್ ಲೆವೆಲ್ ಅಳೆಸಿ. ಬಂದ ಉತ್ತರದಿಂದ ಯೂನಿಟ್‌ನ ಸ್ಟ್ರಕ್ಚರಲ್ ಅನ್‌ಬ್ಯಾಲೆನ್ಸ್ (ಯಂತ್ರದ ತೊಲೆ ತಾನಾಗಿಯೇ ಒಂದು ಕಡೆಗೆ ವಾಲುವ ತೂಕ) ಕಳೆದು ಅರ್ಧ ಸ್ಟ್ರೋಕ್‌ನಿಂದ ಗುಣಿಸಿದರೆ ಕ್ರ್ಯಾಂಕ್ (ವೇಯ್ಟ್ ಕೂತಿರುವ, ತಿರುಗುವ ತೋಳು) ಮತ್ತು ವೇಯ್ಟ್‌ಗಳು ಕೊಡಬೇಕಾದ ಮೊಮೆಂಟ್ ಸಿಗುತ್ತದೆ. ಮಾರ್ಕ್ II ಎಂಬ ಬೇರೆ ವಿನ್ಯಾಸದ ಯೂನಿಟ್‌ನಲ್ಲಿ ಆ ಅನ್‌ಬ್ಯಾಲೆನ್ಸ್ ಮೈನಸ್, ಕಳೆದರೆ ಕೂಡುತ್ತದೆ, ಜೋಕೆ.

ಯಾವ ಸೂತ್ರ ಹೆಚ್ಚು ನಿಖರ ಅಂತಲೂ ಕೇಳಿದ್ದೀರಿ. ನನ್ನ ಪ್ರಕಾರ ಆ ಪ್ರಶ್ನೆಯೇ ಬೇಡ. ಸೂತ್ರ ಇರುವುದು ಯಾವ ವೇಯ್ಟ್ ತರಿಸಬೇಕೆಂದು ತಿಳಿಯಲಷ್ಟೇ, ಬ್ಯಾಲೆನ್ಸ್ ಮಾಡುವುದು ಬಾವಿಯ ಹತ್ತಿರವೇ. ಅಪ್‌ಸ್ಟ್ರೋಕ್‌ನಲ್ಲಿ ಮೋಟಾರ್ ಹೆಚ್ಚು ಎಳೆದರೆ ವೇಯ್ಟನ್ನು ಕ್ರ್ಯಾಂಕ್ ತುದಿಯ ಕಡೆಗೆ, ಡೌನ್‌ಸ್ಟ್ರೋಕ್‌ನಲ್ಲಿ ಹೆಚ್ಚಾದರೆ ಶಾಫ್ಟ್ ಕಡೆಗೆ ಸರಿಸಿ. ಕ್ಲಿಪ್-ಆನ್ ಆಮ್‌ಮೀಟರ್ ಮಾತ್ರ ಬೇಡ. ಮೋಟಾರ್ ಜನರೇಟರ್‌ನಂತೆ ಕರೆಂಟ್ ಹಿಂದಕ್ಕೆ ಕಳಿಸುವಾಗಲೂ ಅದು ಅಷ್ಟೇ ಆಂಪ್ಸ್ ತೋರಿಸುತ್ತದೆ. ಕಿಲೋವ್ಯಾಟ್ ಮೀಟರ್ ಹಾಕಿ. ವೇಯ್ಟ್ ಸರಿಸುವವರಿಗೆ ಬ್ರೇಕ್ ಒಂದನ್ನೇ ನಂಬಬೇಡಿ, ಕ್ರ್ಯಾಂಕ್‌ಗೆ ಚೈನ್ ಬಿಗಿಯಿರಿ ಅಂತ ಹೇಳಿಯೇ ಕಳಿಸಿ.