ಮೂರು ಸಲ ಓದಿದರೂ ಅದೇ ತಪ್ಪು

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಷಿಕಾಗೋ ಹತ್ತಿರ ಇದ್ದೇನೆ. ಹಳೆ ಸಾಮಾನಿನ ಸಂತೆಯಲ್ಲಿ ಮಿಡ್‌ವೇ ಕಂಪನಿಯ ಪ್ಯಾಕ್‌ಮ್ಯಾನ್ ವಿಡಿಯೋ ಗೇಮ್ ಯಂತ್ರದ ಸರ್ಕ್ಯೂಟ್ ಬೋರ್ಡ್ ಸಿಕ್ಕಿತು. ಅದರ ನಾಲ್ಕು ಪ್ರೋಗ್ರಾಂ ಚಿಪ್‌ಗಳನ್ನು ಯುಎಸ್‌ಬಿ ಪ್ರೋಗ್ರಾಮರ್‌ನಲ್ಲಿ (ಚಿಪ್ ಓದುವ, ಬರೆಯುವ ಸಾಧನ) 2732 ಎಂಬ ಚಿಪ್ ಮಾದರಿ ಆರಿಸಿ ಓದಿದೆ. ಮೂರು ಸಲವೂ ಒಂದೇ ಡಂಪ್, ಅಂದರೆ ಚಿಪ್ಪಿನೊಳಗಿನ ಮಾಹಿತಿಯ ನಕಲು, ಬಂತು. ಆದರೆ ಹಳೆ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಮ್ಯುಲೇಟರ್‌ನ ಪಟ್ಟಿಯಲ್ಲಿರುವ ಸಿಆರ್‌ಸಿಗೆ, ಅಂದರೆ ಫೈಲ್ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆಗೆ, ಒಂದೂ ಹೊಂದುತ್ತಿಲ್ಲ. ಚಿಪ್ ಸತ್ತಿದೆಯೇ, ಇಲ್ಲಾ ಇದು ಯಾರ ಬಳಿಯೂ ಇಲ್ಲದ ಆವೃತ್ತಿಯೇ?

ಉತ್ತರ: ಅಪರೂಪದ ಆವೃತ್ತಿಯ ಕನಸನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಚಿಪ್ಪನ್ನೂ ಬೈಯಬೇಡಿ.

1980ರ ಆ ಬೋರ್ಡಿನಲ್ಲಿ 6ಇ, 6ಎಫ್, 6ಎಚ್, 6ಜೆ ಜಾಗದಲ್ಲಿ ಕೂತಿರುವುದು 2532 ಮಾದರಿಯ ಚಿಪ್. 2732ಕ್ಕೂ ಅದಕ್ಕೂ 24 ಪಿನ್, 4096 ಬೈಟ್. ನೋಡಲು ಅವಳಿ ಮಕ್ಕಳೇ. ಆದರೆ ಮೇಲಿನ ಅರ್ಧ ಬೇಕೋ ಕೆಳಗಿನ ಅರ್ಧ ಬೇಕೋ ಎಂದು ಹೇಳುವ ಎ11 ಎಂಬ ಗೆರೆ 2732ರಲ್ಲಿ 21ನೇ ಪಿನ್, 2532ರಲ್ಲಿ 18ನೇ ಪಿನ್. ನಿಮ್ಮ ಪ್ರೋಗ್ರಾಮರ್ 21ರಲ್ಲಿ ಕೂಗುತ್ತಿದೆ, ಚಿಪ್ 18ರಲ್ಲಿ ಕಿವಿಗೊಟ್ಟು ಕೂತಿದೆ. ಮೂರು ಸಲ ಒಂದೇ ಬಂತು ಅಂದರೆ ಪಿನ್‌ಗಳು ಸಾಕೆಟ್‌ನಲ್ಲಿ ಗಟ್ಟಿಯಾಗಿ ಕೂತಿವೆ, ಅಷ್ಟೇ. ಮನೆ ನಂಬರ್ ತಪ್ಪು ಬರೆದುಕೊಂಡು ಮೂರು ಸಲ ಹೋದರೂ ಅದೇ ತಪ್ಪು ಮನೆಯ ಬಾಗಿಲು ತಾನೇ?

ಡಂಪನ್ನು ಬೈಟ್‌ಗಳನ್ನು ನೇರವಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಮೊದಲ 2048 ಬೈಟ್, ಕೊನೆಯ 2048 ಬೈಟ್ ಪಕ್ಕಪಕ್ಕ ಇಡಿ. ಎರಡೂ ಒಂದೇ ಇದ್ದರೆ ರೋಗ ಸಿಕ್ಕಿತು. ಒಂದು ಅರ್ಧ ಬರೀ ಎಫ್‌ಎಫ್ (ಎಲ್ಲ ಬಿಟ್ 1) ಬಂದಿದ್ದರೂ ಕಾರಣ ಇದೇ ಇರಬಹುದು. ಓದುವಾಗ 2532ರ 21ನೇ ಪಿನ್‌ಗೆ ಸದಾ 5 ವೋಲ್ಟ್ ಬೇಕು, ನಿಮ್ಮ ಪ್ರೋಗ್ರಾಮರ್ ಅದನ್ನೇ ಎ11 ಎಂದುಕೊಂಡು ಏರಿಳಿಸುತ್ತಿದೆ.

ಎಸ್.ಪಿ. ರೋಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದಾಗ ಇದೇ ತಪ್ಪು ಮಾಡಿ, ಒಳ್ಳೆಯ 2532 ಒಂದನ್ನು ಡೆಡ್ ಎಂದು ಬರೆದು ಡಬ್ಬಿಗೆ ಹಾಕಿದ್ದೆ. ಗಿರಾಕಿಗೂ ಹಾಗೇ ಹೇಳಿಬಿಟ್ಟಿದ್ದೆ. ಈಗಲೂ ನಾಚಿಕೆ.

ಎರಡು 24 ಪಿನ್ ಸಾಕೆಟ್ ತಂದು ಒಂದು ಅಡಾಪ್ಟರ್ ಮಾಡಿಕೊಳ್ಳಿ. ಚಿಪ್ಪಿನ 18ನೇ ಪಿನ್ ಪ್ರೋಗ್ರಾಮರ್‌ನ 21ಕ್ಕೆ, 20ನೇ ಪಿನ್ 18ಕ್ಕೆ, 21ನೇ ಪಿನ್ 24ಕ್ಕೆ. ಉಳಿದದ್ದೆಲ್ಲ ನೇರ. ಇದು ಓದುವುದಕ್ಕೆ ಮಾತ್ರ, ಅಪ್ಪಿತಪ್ಪಿಯೂ ಪ್ರೋಗ್ರಾಂ ಬಟನ್ ಒತ್ತಬೇಡಿ.

ಮೊದಲು 6ಇ ಓದಿ. ಶುರುವಿನಲ್ಲೇ ಎಫ್3, 3ಇ, 3ಎಫ್, ಇಡಿ, 47 ಕಾಣಬೇಕು. ಝಡ್80 ಪ್ರೊಸೆಸರ್‌ಗೆ ಕೊಡುವ ಮೊದಲ ಆಜ್ಞೆಗಳು ಅವು. ಎಫ್3 ಅಂದರೆ ಇಂಟರಪ್ಟ್‌ಗಳನ್ನು (ಕೆಲಸದ ನಡುವೆ ಬರುವ ಕರೆಗಳನ್ನು) ನಿಲ್ಲಿಸು ಎಂದು. ಇಡೀ ಫೈಲಿನ ಸಿಆರ್‌ಸಿ ಸಿ1ಇ6ಎಬಿ10 ಬಂದರೆ ಅಂಥದ್ದೇ ಇನ್ನೂ ಕಟ್ಟುನಿಟ್ಟಾದ ಎಸ್‌ಎಚ್‌ಎ1 ಕೂಡ ತಾಳೆ ನೋಡಿ ಮುಂದಿನ ಚಿಪ್ಪಿಗೆ ಹೋಗಿ.

ಆಮೇಲೂ ಯಾವುದೋ ಒಂದು ಚಿಪ್ ಹೊಂದಲಿಲ್ಲ ಅನ್ನಿ. ಅದರ ಮೇಲೆ ಗಾಜಿನ ಕಿಟಕಿ ಇದೆಯೇ ನೋಡಿ. ಇದ್ದರೆ ಅದು ಇಪ್ರಾಮ್, ಅಂದರೆ ನೇರಳಾತೀತ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಚಿಪ್. ವರ್ಷಗಳು ಕಳೆದಂತೆ ಅದರ ಚಾರ್ಜ್ ಸೋರುತ್ತದೆ, 0 ಇದ್ದ ಬಿಟ್ 1 ಆಗುತ್ತದೆ. ತಪ್ಪಿದ ಬಿಟ್‌ಗಳೆಲ್ಲ 0ಯಿಂದ 1ಕ್ಕೇ ಹೋಗಿದ್ದರೆ ಸೋರಿಕೆಯ ಅನುಮಾನ. ಎರಡೂ ಕಡೆಗೆ ಹೋಗಿದ್ದರೆ ಮೊದಲು ಪಿನ್ ಒರೆಸಿ ಮತ್ತೆ ಓದಿ. ಕಿಟಕಿಯ ಮೇಲಿನ ಸ್ಟಿಕರ್ ಮಾತ್ರ ಸುಮ್ನೆ ಕೀಳಬೇಡಿ, ಬೆಳಕು ಬೀಳದಂತೆ ಕಾಯುತ್ತಿರುವುದು ಅದೇ.

6ಎಫ್ ಒಂದೇ ಬೇರೆ ಬಂದರೆ ಬೇಜಾರಾಗಬೇಡಿ. ಆಟ ಜೋರಾಗಿ ಓಡಲಿ ಎಂದು ಆ ಒಂದು ಚಿಪ್ಪನ್ನು ಬದಲಿಸುವುದು ಆಗ ಮಾಮೂಲಾಗಿತ್ತು. ಆ ವೇಗದ ಆವೃತ್ತಿಗೂ ಮೇಮ್ ಪಟ್ಟಿಯಲ್ಲಿ ಜಾಗ ಇದೆ. ಅದಕ್ಕೂ ಹೊಂದದಿದ್ದರೆ ಆಗ ನಿಮ್ಮ ಕನಸನ್ನು ಮತ್ತೆ ಹೊರಗೆ ತೆಗೆಯೋಣ. ಆದರೂ ಅಂಥದ್ದೇ ಇನ್ನೊಂದು ಬೋರ್ಡ್ ಸಿಕ್ಕಿ, ಅದರ ಡಂಪ್ ನಿಮ್ಮದಕ್ಕೆ ಬೈಟ್ ಬೈಟೂ ಹೊಂದುವವರೆಗೆ ನಾನಂತೂ ಹೊಸದು ಎಂದು ಒಪ್ಪುವುದಿಲ್ಲ. 6ಎಫ್ ಏನಾಯಿತು ಅಂತ ಬರೆಯಿರಿ.