ಅಲೆಗೆನಿ ಕೋರ್ಟಿನ ಲೇಖನ: ಬಾಗಿಲಿನಿಂದ ಶುರು ಮಾಡಿ

ನಮಸ್ಕಾರ.

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಅಲೆಗೆನಿ ಕೌಂಟಿ ನ್ಯಾಯಾಲಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಒಳ್ಳೆಯ ಸರಕು ಅದರಲ್ಲೇ ಇದೆ, ಹುಡುಕಬೇಕು ಅಷ್ಟೆ.

ಮೊದಲ ಪುಟ ಪೂರ್ತಿ 'ಭವ್ಯ', 'ಅದ್ಭುತ'. ಆದರೂ ಕಟ್ಟಡ ಕಣ್ಣಿಗೆ ಕಾಣುವುದಿಲ್ಲ. ಗುಲಾಬಿ ಛಾಯೆಯ ಗ್ರಾನೈಟ್, ದುಂಡು ಕಮಾನು, ನಡುವೆ ಅಂಗಳ, ಎತ್ತರದ ಗೋಪುರ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಂಗಳ ಸುಮ್ನೆ ಬಿಟ್ಟದ್ದಲ್ಲ, ಕೋಣೆಗಳಿಗೆ ಗಾಳಿ ಬೆಳಕು ಬರಲಿ ಅಂತ ಬಿಟ್ಟದ್ದು. ಗೋಪುರವನ್ನು 'ನಗರದ ಹೆಮ್ಮೆ' ಅಂದಿದ್ದೀರಿ. ಪಿಟ್ಸ್‌ಬರ್ಗ್ ಆಗ ಉಕ್ಕಿನ ಕಾರ್ಖಾನೆಗಳ ಊರು, ಬೀದಿ ತುಂಬ ಕಲ್ಲಿದ್ದಲ ಹೊಗೆ. ಮೇಲಿನಿಂದ ಚೊಕ್ಕ ಗಾಳಿ ಎಳೆದು ಒಳಗೆ ಬಿಡಲು ಆ ಗೋಪುರ ಬಳಕೆಯಾಯಿತು. ಇಷ್ಟು ಒಳ್ಳೆಯ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಲ್ಲ!

ಇನ್ನು ಬಾಗಿಲು. ನಿಮ್ಮ ಲೇಖನದ ಜೀವ ಇರುವುದು ಇಲ್ಲಿ. ಕಟ್ಟಡ ನಿಂತದ್ದು ದಿಣ್ಣೆಯ ಮೇಲೆ. 1910ರ ದಶಕದಲ್ಲಿ ನಗರದವರು ಆ ದಿಣ್ಣೆಯನ್ನೇ ಕಡಿದು ಗ್ರಾಂಟ್ ಬೀದಿಯನ್ನು ತಗ್ಗಿಸಿದರು. ಮುಂಬಾಗಿಲು ಬೀದಿಗಿಂತ ಎಷ್ಟೋ ಮೇಲೆ ಉಳಿಯಿತು, ನೆಲಮಾಳಿಗೆ ಹೊರಗೆ ಕಾಣತೊಡಗಿತು. ದೊಡ್ಡ ಮೆಟ್ಟಿಲು ಕಟ್ಟಿದರು. ಮುಂದೆ ಬೀದಿ ಅಗಲ ಮಾಡುವಾಗ ಮೆಟ್ಟಿಲೂ ಹೋಯಿತು, ಬಾಗಿಲನ್ನೇ ಕೆಳಗೆ ಇಳಿಸಿದರು. ಇವತ್ತು ಗ್ರಾಂಟ್ ಬೀದಿಯಿಂದ ಒಳಗೆ ಬರುವವರು ಹಳೆಯ ನೆಲಮಾಳಿಗೆಗೆ ಕಾಲಿಡುತ್ತಾರೆ. ವಾಸ್ತುಶಿಲ್ಪಿ ಮೊದಲು ತೋರಿಸಬೇಕೆಂದಿದ್ದ ನೋಟ ಒಂದು ಮಹಡಿ ಹತ್ತಿದ ಮೇಲೆ. ಇದನ್ನು ನೀವು ಎರಡು ಸಾಲಿನಲ್ಲಿ ಬರೆದಿದ್ದೀರಿ. ಒಂದು ಪುಟ ಬರೆಯಿರಿ.

ಆ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಕೂಡ ನಿಮ್ಮಲ್ಲಿ ಬರೀ ಒಂದು ಹೆಸರು. ಹಳೆಯ ನ್ಯಾಯಾಲಯ 1882ರಲ್ಲಿ ಸುಟ್ಟುಹೋಯಿತು. ಹೊಸದರ ಕೆಲಸ 1884ರಲ್ಲಿ ಶುರುವಾಗಿ 1888ರಲ್ಲಿ ಮುಗಿಯಿತು. ಅವನು ತೀರಿಕೊಂಡದ್ದು 1886ರಲ್ಲಿ, 47ನೇ ವಯಸ್ಸಿಗೆ. ಮುಗಿಸಿದವರು ಅವನ ಕಚೇರಿಯ ಉತ್ತರಾಧಿಕಾರಿಗಳು. ನಿಮ್ಮ ಲೇಖನದಲ್ಲಿ ಈ ಇಸವಿಗಳೆಲ್ಲ ಇವೆ, ಆದರೆ ಬೇರೆ ಬೇರೆ ಪುಟಗಳಲ್ಲಿ. ಪಕ್ಕಪಕ್ಕ ಇಟ್ಟರೆ ಅವೇ ಮಾತಾಡುತ್ತವೆ, ಅಲ್ವಾ?

ಬಿಡ್ಲ್ ಸಹೋದರರ ಪ್ರಸಂಗ ಜಾಸ್ತಿಯಾಯಿತು. 1902ರಲ್ಲಿ ಕೋರ್ಟಿನ ಪಕ್ಕದ ಜೈಲಿನ ಅಧಿಕಾರಿಯ ಹೆಂಡತಿಯೇ ಅಲ್ಲಿ ಕೈದಿಗಳಾಗಿದ್ದ ಈ ಸಹೋದರರಿಗೆ ತಪ್ಪಿಸಿಕೊಳ್ಳಲು ನೆರವಾದ ಕತೆ ಓದಲು ಮಜವಾಗಿದೆ, ನಾನೂ ಎರಡು ಸಲ ಓದಿದೆ. ಆದರೆ ಅದು ಬೇರೆ ಲೇಖನ. ಇಲ್ಲಿ ಮೂರು ಸಾಲು ಸಾಕು. ಉಳಿದ ಜಾಗವನ್ನು ರಾಸ್ ಬೀದಿಯ ಮೇಲೆ ಹಾದುಹೋಗುವ ಕಲ್ಲಿನ ಸೇತುವೆಗೆ ಕೊಡಿ. ಕೈದಿಗಳನ್ನು ಬೀದಿಗಿಳಿಸದೆ ಜೈಲಿನಿಂದ ಕೋರ್ಟಿಗೆ ಕರೆತರಲು ಕಟ್ಟಿದ್ದು ಅದು. ನಿಮ್ಮ ಲೇಖನದಲ್ಲಿ ಅದರ ಫೋಟೋ ಇದೆ, ಕೆಲಸ ಏನೆಂಬ ಮಾತಿಲ್ಲ. 1995ರಲ್ಲಿ ಜೈಲು ಮುಚ್ಚಿತು, ಆಮೇಲೆ ಅಲ್ಲಿ ಕುಟುಂಬ ನ್ಯಾಯಾಲಯ ಬಂತು ಅನ್ನುವುದನ್ನೂ ಅಲ್ಲೇ ಸೇರಿಸಿ.

ತಿದ್ದಿದ ಪ್ರತಿ ಸಾವಿರ ಪದ ದಾಟದಿರಲಿ. ಬೀದಿ ತಗ್ಗಿಸುವ ಮೊದಲಿನ ಒಂದು ಹಳೆಯ ಫೋಟೋ, ಈಗಿನದು ಒಂದು, ಎರಡೂ ಒಂದೇ ದಿಕ್ಕಿನಿಂದ ತೆಗೆದಂಥವು ಸಿಕ್ಕರೆ ಜೊತೆಗೆ ಕಳಿಸಿ.