ಅಮೆರಿಕದಲ್ಲಿ ಸಲಿಂಗಕಾಮ ‘ಬದಲಿಸುವ’ ಚಿಕಿತ್ಸೆಯ ನಿಷೇಧ ಪಾದ್ರಿಗಳಿಗೆ ಏಕೆ ಅನ್ವಯಿಸುವುದಿಲ್ಲ?

ಆ ಕಾನೂನುಗಳ ಹಿಡಿತ ಇರುವುದು ಲೈಸೆನ್ಸಿನ ಮೇಲೆ. ಕ್ಯಾಲಿಫೋರ್ನಿಯಾ 2012ರಲ್ಲಿ ಎಲ್ಲರಿಗಿಂತ ಮೊದಲು ತಂದ ಕಾನೂನನ್ನೇ ನೋಡಿ: 18 ವರ್ಷದೊಳಗಿನವರಿಗೆ ಮನೋವೈದ್ಯರೋ ಆಪ್ತಸಮಾಲೋಚಕರೋ ಇಂಥ ಚಿಕಿತ್ಸೆ ಕೊಟ್ಟರೆ ಲೈಸೆನ್ಸ್ ಕೊಟ್ಟ ಮಂಡಳಿ ಶಿಸ್ತುಕ್ರಮ ಕೈಗೊಳ್ಳಬಹುದು. ಪಾದ್ರಿಗೆ ಆ ಲೈಸೆನ್ಸೇ ಬೇಕಿಲ್ಲ. ಚರ್ಚಿನ ಬೋಧನೆಗೆ, ಧರ್ಮ ಮತ್ತು ವಾಕ್ ಸ್ವಾತಂತ್ರ್ಯವನ್ನು ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆಯೂ ಇದೆ.

ನಿಜವಾದ ಜಗಳ ಲೈಸೆನ್ಸ್ ಇರುವವರದ್ದೇ. ಔಷಧಿಯಿಲ್ಲದೆ ಬರೀ ಮಾತಿನಲ್ಲಿ ನಡೆಯುವುದು ಚಿಕಿತ್ಸೆಯೋ, ವಾಕ್ ಸ್ವಾತಂತ್ರ್ಯವೋ? ಕಾನೂನಿನ ವಿರೋಧಿಗಳು ಎರಡನೆಯದೆಂದು ವಾದಿಸಿ ಕೋರ್ಟಿಗೆ ಹೋದರು. ಚಿಕಿತ್ಸೆಯ ಫಲದ ಬಗ್ಗೆ ಮಾತ್ರ ಗೊಂದಲ ಬೇಡ: ಈ ಬದಲಾವಣೆಯನ್ನೇ ದಶಕಗಳ ಕಾಲ ಪ್ರಚಾರ ಮಾಡಿದ ಕ್ರೈಸ್ತ ಸಂಸ್ಥೆ ಎಕ್ಸೋಡಸ್ ಇಂಟರ್‌ನ್ಯಾಷನಲ್ 2013ರಲ್ಲಿ ಬಾಗಿಲು ಮುಚ್ಚಿತು, ಅದರ ಅಧ್ಯಕ್ಷರು ನೊಂದವರ ಕ್ಷಮೆ ಕೇಳಿದರು. ತಾವು ಕಂಡವರಲ್ಲಿ ಬಹುತೇಕ ಯಾರೂ ಬದಲಾಗಿಲ್ಲ ಎಂದು ಅದಕ್ಕೂ ಮುಂಚೆಯೇ ಅವರು ಒಪ್ಪಿಕೊಂಡಿದ್ದರು.